ಹೊಟ್ಟೆಯ ಉಪವಾಸ, ನಾಲಿಗೆಯ ಊಟ: ಸಕ್ಕರೆಯಿಲ್ಲದ ಪಾನೀಯಗಳ ಕುರಿತು ಒಂದು ಚಿಂತನೆ



ಏನನ್ನು ಉಣ್ಣಬೇಕು, ಎಷ್ಟು ಉಣ್ಣಬೇಕು, ಯಾವ ವೇಳೆಯಲ್ಲಿ ಉಣ್ಣಬೇಕು ಎಂಬ ಮೂರು ಪ್ರಶ್ನೆಗಳಿಗೂ ನಮ್ಮ ಹಿರಿಯರು ಸೂಕ್ಷ್ಮವಾದ ಉತ್ತರಗಳನ್ನು ಕೊಟ್ಟು ಹೋಗಿದ್ದಾರೆ. ಆದರೆ ಕಾಲವು ಅವರು ಕಾಣದ ಪದಾರ್ಥಗಳನ್ನು ನಮ್ಮ ಮುಂದೆ ತಂದಿಡುತ್ತಲೇ ಇರುತ್ತದೆ. ಅಂಥವುಗಳಲ್ಲಿ ಒಂದು, ಡಯಟ್ ಪಾನೀಯ. ಅದು ಸಿಹಿ, ಆದರೆ ಅದರಲ್ಲಿ ಸಕ್ಕರೆಯಿಲ್ಲ. ಅದು ಹೊಟ್ಟೆಯನ್ನು ಸೇರುತ್ತದೆ, ಆದರೆ ಶರೀರಕ್ಕೆ ಪೋಷಣೆಯನ್ನು ಕೊಡುವುದಿಲ್ಲ. ತೂಕ ಇಳಿಸಬೇಕೆಂದು ಇಂಥ ಪಾನೀಯವನ್ನು ಕುಡಿಯುವವನು ಸಂಯಮವನ್ನು ಸಾಧಿಸುತ್ತಿರುವನೋ, ಅಥವಾ ಭೋಗವನ್ನೇ ಬೇರೆ ವೇಷದಲ್ಲಿ ಮುಂದುವರಿಸುತ್ತಿರುವನೋ? ಚಿಕ್ಕದೆಂದು ತೋರುವ ಈ ಪ್ರಶ್ನೆಯು ನನ್ನನ್ನು ಬಹಳ ದಿನ ಕಾಡಿತು. ಅದಕ್ಕೆ ಕಾರಣವಾದ ಸಂಗತಿಯನ್ನು ಮೊದಲು ನಿವೇದಿಸಿಕೊಳ್ಳುತ್ತೇನೆ.

ನಮ್ಮ ಮನೆ ನಿಲಂಗಾದಲ್ಲಿ. 1956ರ ರಾಜ್ಯ ಪುನರ್ವಿಂಗಡಣೆಗೆ ಮೊದಲು ನಿಲಂಗಾ ಮತ್ತು ಉದಗೀರ ಎರಡೂ ಬೀದರ ಜಿಲ್ಲೆಯ ತಾಲ್ಲೂಕುಗಳಾಗಿದ್ದುದನ್ನು ಹಿರಿಯರು ಬಲ್ಲರು. ನನ್ನ ತಾಯಿಯ ಮಾತು ಇಂದಿಗೂ ಆ ಕಾಲದ ಕನ್ನಡವೇ. ನನ್ನ ಧರ್ಮಪತ್ನಿಯ ತವರು ಉದಗೀರ, ಅವರ ಮನೆಮಾತು ಮರಾಠಿ. ವ್ಯಾಪಾರದ ನಿಮಿತ್ತ ನಾನು ವಾರದಲ್ಲಿ ಮೂರು ದಿನ ಉಮರ್ಗಾಕ್ಕೆ ಹೋಗಿ ಬರುತ್ತೇನೆ. ಸೋಲಾಪುರ-ಹೈದರಾಬಾದ ಹೆದ್ದಾರಿಯ ಮೇಲಿರುವ ಆ ಊರಿನಲ್ಲಿ ಬಿಸಿಲು, ಧೂಳು, ಚಹಾ ಮತ್ತು ತಂಪು ಪಾನೀಯಗಳಿಗೆ ಕೊರತೆಯಿಲ್ಲ.

2022ರ ಬೇಸಿಗೆಯಲ್ಲಿ ವೈದ್ಯರು ನನ್ನ ರಕ್ತ ತಪಾಸಣೆ ಮಾಡಿ, ಸಕ್ಕರೆ ಕಾಯಿಲೆಯು ಹೊಸ್ತಿಲಿಗೆ ಬಂದು ನಿಂತಿದೆ, ತೂಕ ಇಳಿಸಲೇಬೇಕು ಎಂದು ಎಚ್ಚರಿಸಿದರು. ಆಗ ನನ್ನ ತೂಕ 91 ಕಿಲೋ. ಇದು ನನ್ನೊಬ್ಬನ ಕಥೆಯಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಧ್ಯಯನವು ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಮಧುಮೇಹವಿದೆಯೆಂದು ಅಂದಾಜು ಮಾಡಿದೆ. ನನ್ನ ದೌರ್ಬಲ್ಯ ತಂಪು ಪಾನೀಯ. ದಿನಕ್ಕೆ ಎರಡು ಬಾಟಲಿ ಕುಡಿಯುವ ಅಭ್ಯಾಸವಿತ್ತು. ಅದನ್ನು ಬಿಡಲಾರದೆ, ಸಕ್ಕರೆಯಿಲ್ಲದ ಬಾಟಲಿಗೆ ಬದಲಾಯಿಸಿಕೊಂಡೆ. ಬಾಟಲಿಯ ಮೇಲೆ ಸೊನ್ನೆ ಎಂದು ಬರೆದುದನ್ನು ನೋಡಿ, ದೊಡ್ಡ ತ್ಯಾಗವನ್ನೇ ಮಾಡಿದಂತೆ ಸಮಾಧಾನಪಟ್ಟೆ.

ಆ ವರ್ಷ ದಶಲಕ್ಷಣ ಪರ್ವದಲ್ಲಿ ಹತ್ತು ದಿನವೂ ಏಕಾಶನ ಮಾಡುವ ನಿಯಮವನ್ನು ಸ್ವೀಕರಿಸಿದೆ. ದಿನಕ್ಕೆ ಒಂದೇ ಊಟ, ಉಳಿದಂತೆ ಸೂರ್ಯಾಸ್ತದವರೆಗೆ ಸೋಸಿ ಕಾಯಿಸಿದ ನೀರು ಮಾತ್ರ. ಧರ್ಮದೊಂದಿಗೆ ದೇಹವೂ ಹಗುರಾದೀತೆಂಬ ಲೆಕ್ಕಾಚಾರ ಮನಸ್ಸಿನಲ್ಲಿತ್ತು. ಮೂರನೆಯ ದಿನ ಉತ್ತಮ ಆರ್ಜವ. ಮಧ್ಯಾಹ್ನ ನಾಲ್ಕು ಗಂಟೆಗೆ ಸೆಕೆ ತಡೆಯಲಾರದೆ, ತಂದಿಟ್ಟಿದ್ದ ಡಯಟ್ ಪಾನೀಯವನ್ನು ಸ್ಟೀಲಿನ ಲೋಟಕ್ಕೆ ಸುರಿದುಕೊಂಡು ಕುಡಿಯುತ್ತಿದ್ದೆ. ಪಡಸಾಲೆಯಲ್ಲಿ ಜಪಮಾಲೆ ಹಿಡಿದು ಕುಳಿತಿದ್ದ ನನ್ನ ತಾಯಿ ಕೇಳಿದರು:

"ಏನದು? ನೀರೇನು?"

"ಅಲ್ಲವ್ವ, ಆದ್ರ ನೀರಿದ್ದಂಗೇ. ಇದರಾಗ ಸಕ್ಕರಿ ಇಲ್ಲ, ಕ್ಯಾಲೊರಿ ಇಲ್ಲ, ಏನೂ ಇಲ್ಲ."

"ಸೀ ಅದ ಏನು?"

"ಅದ."

"ಹಂಗಾದ್ರ ಹೊಟ್ಟಿ ಉಪಾಸ ಅದ, ನಾಲಗಿ ಉಂಡದ," ಎಂದು ಹೇಳಿ ಅವರು ಮತ್ತೆ ಜಪಕ್ಕೆ ತೊಡಗಿದರು.

ಅವರ ಧ್ವನಿಯಲ್ಲಿ ಬೈಗುಳವಿರಲಿಲ್ಲ. ಆದರೆ ಲೋಟವನ್ನು ಕೆಳಗಿಟ್ಟವನಿಗೆ ಅದನ್ನು ಮತ್ತೆ ಎತ್ತಲು ಆಗಲಿಲ್ಲ. ಮೊದಲೆರಡು ದಿನವೂ ನಾನು ಅದನ್ನು ಕುಡಿದಿದ್ದೆ. ಹತ್ತನೆಯ ದಿನ ವ್ರತಧಾರಿಗಳ ಸತ್ಕಾರದಲ್ಲಿ ನನ್ನ ಹೆಸರನ್ನೂ ಓದುವವರಿದ್ದರು. ನನ್ನ ವ್ರತ ಉಳಿದಿತ್ತೋ, ಮುರಿದಿತ್ತೋ?

ಈ ಪ್ರಶ್ನೆಯನ್ನು ವಿಚಾರಿಸುವ ಮೊದಲು ಆ ಪಾನೀಯದ ಸ್ವರೂಪವನ್ನು ಪಕ್ಷಪಾತವಿಲ್ಲದೆ ತಿಳಿದುಕೊಳ್ಳುವುದು ಉಚಿತ. ಸಾಮಾನ್ಯ ಕೋಲಾ ಪಾನೀಯದ 300 ಮಿಲಿಲೀಟರಿನಲ್ಲಿ ಸುಮಾರು 32 ಗ್ರಾಂ ಸಕ್ಕರೆ, ಅಂದರೆ ಆರೇಳು ಚಮಚ ಇರುತ್ತದೆ. ಅದರಿಂದ ಸುಮಾರು 130 ಕ್ಯಾಲೊರಿ ದೊರೆಯುತ್ತದೆ. ಡಯಟ್ ಪಾನೀಯದಲ್ಲಿ ಆ ಸ್ಥಾನವನ್ನು ಕೃತಕ ಸಿಹಿಕಾರಕಗಳು ಪಡೆದಿವೆ. ಆಸ್ಪರ್ಟೇಮ್ ಸಕ್ಕರೆಗಿಂತ ಸುಮಾರು 200 ಪಟ್ಟು, ಸುಕ್ರಲೋಸ್ ಸುಮಾರು 600 ಪಟ್ಟು ಸಿಹಿಯಾದುದರಿಂದ ಅತ್ಯಲ್ಪ ಪ್ರಮಾಣವೇ ಸಾಕು. ಇವುಗಳ ಶೋಧದ ಕಥೆ ಸ್ವಾರಸ್ಯಕರ. 1879ರಲ್ಲಿ ಫಾಲ್‌ಬರ್ಗ್ ಎಂಬ ರಸಾಯನಶಾಸ್ತ್ರಜ್ಞ ಕೈಗೆ ಮೆತ್ತಿಕೊಂಡಿದ್ದ ವಸ್ತು ಊಟದ ವೇಳೆ ಸಿಹಿಯೆನಿಸಿ ಸ್ಯಾಕರಿನ್ ಗೊತ್ತಾಯಿತು. 1965ರಲ್ಲಿ ಜೇಮ್ಸ್ ಶ್ಲಾಟರ್ ಬೆರಳನ್ನು ನೆಕ್ಕಿದಾಗ ಆಸ್ಪರ್ಟೇಮಿನ ಸಿಹಿ ತಿಳಿಯಿತು. 1976ರಲ್ಲಿ ಲಂಡನ್ನಿನಲ್ಲಿ ಸಂಶೋಧನೆಯಲ್ಲಿದ್ದ ನಮ್ಮ ದೇಶದ ಶಶಿಕಾಂತ ಫಡ್ನೀಸರು, ವಸ್ತುವನ್ನು ಪರೀಕ್ಷಿಸು ಎಂದು ಹೇಳಿದ್ದನ್ನು ರುಚಿ ನೋಡು ಎಂದು ಕೇಳಿಸಿಕೊಂಡು, ಸುಕ್ರಲೋಸಿನ ಸಿಹಿಯನ್ನು ಕಂಡರೆಂದು ಹೇಳುತ್ತಾರೆ. ಮೂರೂ ಸಲ ನಾಲಿಗೆಯೇ ಮೊದಲು ಕಂಡುಹಿಡಿಯಿತು!

ಇನ್ನು ತೂಕದ ವಿಚಾರ. 2023ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು, ತೂಕ ನಿಯಂತ್ರಣಕ್ಕಾಗಿ ಇಂಥ ಸಿಹಿಕಾರಕಗಳನ್ನು ಅವಲಂಬಿಸಬಾರದೆಂದು ಸಲಹೆ ನೀಡಿತು. ಅದು ಪರಿಶೀಲಿಸಿದ ಅಲ್ಪಾವಧಿಯ ಪ್ರಯೋಗಗಳಲ್ಲಿ ತೂಕವು ಸರಾಸರಿ ಮುಕ್ಕಾಲು ಕಿಲೋದಷ್ಟು ಕಡಿಮೆಯಾಗಿತ್ತು. ದೀರ್ಘಕಾಲದ ಅವಲೋಕನಗಳಲ್ಲಾದರೋ ಹೆಚ್ಚು ಬಳಸುವವರಲ್ಲಿ ಬೊಜ್ಜು, ಮಧುಮೇಹ, ಹೃದಯರೋಗಗಳೇ ಹೆಚ್ಚಾಗಿ ಕಂಡವು. ಈಗಾಗಲೇ ದಪ್ಪವಾಗಿರುವವರೇ ಇವುಗಳ ಮೊರೆ ಹೋಗುವುದರಿಂದಲೂ ಹೀಗೆ ಕಾಣಬಹುದಾದ ಕಾರಣ, ಆ ಸಂಸ್ಥೆಯು ತನ್ನ ಸಲಹೆಯನ್ನು ಷರತ್ತಿನದೆಂದೇ ಕರೆಯಿತು. ಈಗಾಗಲೇ ಮಧುಮೇಹವಿರುವವರಿಗೆ ಆ ಸಲಹೆ ಅನ್ವಯಿಸುವುದಿಲ್ಲ. ಅವರು ತಮ್ಮ ವೈದ್ಯರ ಮಾತನ್ನೇ ಅನುಸರಿಸತಕ್ಕದ್ದು.

ಪ್ರಯೋಗಗಳೂ ಒಂದೇ ಮಾತನ್ನು ಹೇಳುವುದಿಲ್ಲ. ಅಮೆರಿಕದಲ್ಲಿ 303 ಜನರ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, 12 ವಾರಗಳಲ್ಲಿ ಡಯಟ್ ಪಾನೀಯದವರು ಸುಮಾರು 6 ಕಿಲೋ, ನೀರಿನವರು ಸುಮಾರು 4 ಕಿಲೋ ಇಳಿದರು. ಅದಕ್ಕೆ ಹಣ ಒದಗಿಸಿದ್ದು ಅಲ್ಲಿನ ಪಾನೀಯ ತಯಾರಕರ ಸಂಘ. ಇರಾನಿನ ಮಹಿಳೆಯರ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ನೀರು ಕುಡಿದವರೇ ಹೆಚ್ಚು ಇಳಿದರು. ಆದರೆ ಎರಡೂ ಕಡೆ ಭಾಗವಹಿಸಿದವರಿಗೆ ಊಟದ ಮಿತಿಯನ್ನು ಕಲಿಸುವ ಶಿಸ್ತಿನ ಕಾರ್ಯಕ್ರಮವಿತ್ತೆಂಬುದನ್ನು ಮರೆಯಬಾರದು. ಬಾಟಲಿ ಯಾವುದೇ ಇರಲಿ, ಶಿಸ್ತು ಇದ್ದಲ್ಲಿ ತೂಕ ಇಳಿಯಿತು.

ಇವು ವಿಷವೆಂದು ಹೆದರಿಸುವುದೂ ಸತ್ಯಕ್ಕೆ ದೂರ. 2023ರ ಜುಲೈನಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಆಸ್ಪರ್ಟೇಮನ್ನು ಕ್ಯಾನ್ಸರ್ ಉಂಟುಮಾಡುವ ಸಾಧ್ಯತೆಯುಳ್ಳ ವಸ್ತುಗಳ ಪಟ್ಟಿಗೆ, ಸೀಮಿತ ಪುರಾವೆಯ ಆಧಾರದಿಂದ ಸೇರಿಸಿತು. ಅದೇ ದಿನ ಆಹಾರ ತಜ್ಞರ ಸಮಿತಿಯು, ದೇಹದ ತೂಕದ ಕಿಲೋ ಒಂದಕ್ಕೆ ದಿನಕ್ಕೆ 40 ಮಿಲಿಗ್ರಾಂ ಎಂಬ ಹಿಂದಿನ ಮಿತಿಯನ್ನು ಬದಲಿಸಲು ಕಾರಣವಿಲ್ಲವೆಂದಿತು. 70 ಕಿಲೋ ತೂಕದವರು ಆ ಮಿತಿಯನ್ನು ಮೀರಬೇಕಾದರೆ ದಿನಕ್ಕೆ 9ರಿಂದ 14 ಡಬ್ಬಿಗಳಿಗಿಂತ ಹೆಚ್ಚು ಕುಡಿಯಬೇಕಾಗುತ್ತದೆ. ಆದುದರಿಂದ ಭಯವನ್ನು ಬದಿಗಿಟ್ಟು ಧರ್ಮದ ದೃಷ್ಟಿಯಿಂದಲೇ ನೋಡೋಣ.

ಮೊದಲು ನನ್ನ ಲೆಕ್ಕವನ್ನೇ ಬಿಚ್ಚಿಡುತ್ತೇನೆ. ನಾವು ವ್ಯಾಪಾರಿಗಳು, ಜಮಾ-ಖರ್ಚು ಬಲ್ಲವರು. ಒಂದು ಬಾಟಲಿಯಲ್ಲಿ 130 ಕ್ಯಾಲೊರಿ ಉಳಿಯಿತೆಂದು ಮನಸ್ಸು ಜಮಾ ಬರೆಯುತ್ತಿತ್ತು. ಸಂಜೆ ಅಂಗಡಿಯಲ್ಲಿ ಶೇಂಗಾ ಚಿಕ್ಕಿ ಎದುರಾದಾಗ, ಉಳಿಸಿದ್ದೇನಲ್ಲ ಎಂದು ಅದೇ ಮನಸ್ಸು ಖರ್ಚು ಬರೆಯುತ್ತಿತ್ತು. ಮೂವತ್ತು ಗ್ರಾಮಿನ ಒಂದು ತುಂಡಿಗೆ ಆ ಉಳಿತಾಯವೆಲ್ಲ ಮುಗಿದುಹೋಗುತ್ತದೆ. ನಾನು ತಿನ್ನುತ್ತಿದ್ದುದು ಎರಡು ತುಂಡು. ನಾಲ್ಕು ತಿಂಗಳ ಬಳಿಕ ನನ್ನ ತೂಕ 92 ಕಿಲೋ! ನನ್ನ ಪತ್ನಿ ನಕ್ಕು ಮರಾಠಿಯ ಗಾದೆಯೊಂದನ್ನು ನೆನಪಿಸಿದರು: "ಏಕಾದಶಿ ಆಣಿ ದುಪ್ಪಟ ಖಾಶಿ." ಏಕಾದಶಿ ಮಾಡಿ ಎರಡರಷ್ಟು ತಿನ್ನುವುದು ಎಂದು ಅದರ ತಾತ್ಪರ್ಯ. ನೆರೆಯವರ ಗಾದೆಯೆಂದು ನಾವು ನಗುವಂತಿಲ್ಲ. ಪಾರಣೆಯ ದಿನ ನಮ್ಮ ತಾಟುಗಳು ಹೇಗಿರುತ್ತವೆಂಬುದು ನಮಗೇ ಗೊತ್ತು.

ತತ್ತ್ವಾರ್ಥಸೂತ್ರವು ಆರು ಬಾಹ್ಯ ತಪಗಳನ್ನು ಎಣಿಸುತ್ತದೆ. ಅವುಗಳಲ್ಲಿ ಮೊದಲ ನಾಲ್ಕು ಆಹಾರಕ್ಕೆ ಸಂಬಂಧಿಸಿದವು: ಅನಶನ, ಅವಮೌದರ್ಯ, ವೃತ್ತಿಪರಿಸಂಖ್ಯಾನ, ರಸಪರಿತ್ಯಾಗ. ಉಣ್ಣದಿರುವುದು ಅನಶನ. ಹಸಿವೆಗಿಂತ ಕಡಿಮೆ ಉಣ್ಣುವುದು ಅವಮೌದರ್ಯ. ಹೊಟ್ಟೆಯನ್ನು ಬರಿದಾಗಿಸುವುದಷ್ಟೇ ಉದ್ದೇಶವಾಗಿದ್ದರೆ ಇವೆರಡೇ ಸಾಕಾಗುತ್ತಿದ್ದವು. ರಸಪರಿತ್ಯಾಗವನ್ನು ಬೇರೆಯಾಗಿ ಏಕೆ ಹೇಳಬೇಕಿತ್ತು? ಹೊಟ್ಟೆ ಬೇರೆ, ನಾಲಿಗೆ ಬೇರೆ ಎಂಬುದನ್ನು ಆಚಾರ್ಯರು ಬಲ್ಲವರಾಗಿದ್ದರು. ಅಕ್ಷರ ಕಲಿಯದ ನನ್ನ ತಾಯಿಯೂ ಬಲ್ಲವರಾಗಿದ್ದರು. ಹೊಟ್ಟೆಯ ಹಸಿವೆಗೆ ಮಿತಿಯುಂಟು. ನಾಲಿಗೆಯ ಆಸೆಗೆ ಮಿತಿಯನ್ನು ನಾವೇ ಹಾಕಬೇಕು. ಡಯಟ್ ಪಾನೀಯವು ಆಸೆಯ ಫಲವನ್ನು ತೆಗೆದುಹಾಕುತ್ತದೆ, ಆಸೆಯನ್ನು ಹಾಗೆಯೇ ಉಳಿಸುತ್ತದೆ. ದಂಡವಿಲ್ಲವೆಂದು ತಿಳಿದಾಗ ಆಸೆ ಇನ್ನಷ್ಟು ನಿರ್ಭಯವಾಗುತ್ತದೆ.

ಇಲ್ಲಿ ನನ್ನ ಸೋದರಳಿಯನ ಆಕ್ಷೇಪವನ್ನು ಹೇಳದಿದ್ದರೆ ಅನ್ಯಾಯವಾದೀತು. ಪುಣೆಯಲ್ಲಿ ಓದುವ ಅವನು ಹೇಳಿದ: "ಮಾಮಾ, ದಿನಕ್ಕೆ ಎರಡು ಬಾಟಲಿ ಸಕ್ಕರೆ ನೀರು ಕುಡಿಯುವವನಿಗೆ ನೀವು ಏಕದಮ್ ತ್ಯಾಗವನ್ನು ಬೋಧಿಸಿದರೆ ಅವನು ಎರಡನ್ನೂ ಬಿಡುವುದಿಲ್ಲ. ಡಯಟ್ ಕುಡಿದರೆ ಅಷ್ಟು ಸಕ್ಕರೆಯಾದರೂ ತಪ್ಪೀತಲ್ಲವೇ? ಕಡಿಮೆ ಕೆಟ್ಟದ್ದನ್ನು ಆರಿಸುವುದೂ ವಿವೇಕವೇ." ಅವನ ಮಾತಿನಲ್ಲಿ ಸತ್ಯವಿದೆ. ಕಾಲು ಮುರಿದವನು ಊರುಗೋಲು ಹಿಡಿಯುವುದು ತಪ್ಪಲ್ಲ. ಕಾಲು ಕೂಡಿದ ಮೇಲೂ ಅದನ್ನು ಹಿಡಿದು, ನಾನು ಚೆನ್ನಾಗಿ ನಡೆಯುತ್ತೇನೆಂದು ಹೇಳಿಕೊಳ್ಳುವುದು ತಪ್ಪು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಭೋಗೋಪಭೋಗ ಪರಿಮಾಣವನ್ನು ವಿವರಿಸುತ್ತ, ಕಾಲಮಿತಿಯುಳ್ಳ ತ್ಯಾಗವನ್ನು ನಿಯಮವೆಂದೂ, ಜೀವನಪರ್ಯಂತದ ತ್ಯಾಗವನ್ನು ಯಮವೆಂದೂ ಎರಡು ಬಗೆಯಾಗಿ ಹೇಳಿದ್ದಾರೆ. ಗೃಹಸ್ಥನು ಒಂದೇ ಜಿಗಿತಕ್ಕೆ ಶಿಖರವನ್ನು ಏರಲಾರನೆಂಬ ಕರುಣೆ ಅದರಲ್ಲಿದೆ. ಆದ್ದರಿಂದ ಸಕ್ಕರೆಯ ಪಾನೀಯವನ್ನು ಬಿಡಲು ಡಯಟ್ ಪಾನೀಯವನ್ನು ಮೆಟ್ಟಿಲಾಗಿ ಬಳಸುವವರು, ಇಷ್ಟು ದಿನ, ವಾರಕ್ಕೆ ಇಷ್ಟೇ ಎಂದು ಎಣಿಕೆ ಹಾಕಿಕೊಳ್ಳಲಿ. ಎಣಿಕೆಯಿದ್ದರೆ ಅದು ಮೆಟ್ಟಿಲು, ಇಲ್ಲದಿದ್ದರೆ ಅದೇ ವಾಸದ ಮನೆ.

ತೃಷೆ ಮತ್ತು ತೃಷ್ಣೆ ಎಂಬ ಎರಡು ಶಬ್ದಗಳು ಕಿವಿಗೆ ಒಂದೇ ರೀತಿ ಕೇಳಿಸುತ್ತವೆ. 2016ರ ಏಪ್ರಿಲ್ ತಿಂಗಳನ್ನು ನಮ್ಮ ಜಿಲ್ಲೆಯವರು ಮರೆಯಲಾರರು. ಅಂದು ಲಾತೂರಿಗೆ ಮಿರಜದಿಂದ ರೈಲಿನಲ್ಲಿ ನೀರು ಬಂದಿತು. ಮೊದಲ ರೈಲು ಹತ್ತು ಟ್ಯಾಂಕುಗಳಲ್ಲಿ ಸುಮಾರು 5 ಲಕ್ಷ ಲೀಟರ್ ತಂದಿತು. ಆ ಬೇಸಿಗೆಯಲ್ಲಿ ಕೊಡ ಹಿಡಿದು ನಿಂತವರು ಯಾರೂ ನೀರಿಗೆ ರುಚಿಯಿದೆಯೇ ಎಂದು ಕೇಳಲಿಲ್ಲ. ಅದು ತೃಷೆ. ಅದು ನೀರಿನಿಂದ ತೀರುತ್ತದೆ. ನೀರು ತುಂಬಿದ ಕೊಡ ಮನೆಯಲ್ಲಿರುವಾಗಲೂ ಬಾಟಲಿಯನ್ನು ಹುಡುಕುವುದು ತೃಷ್ಣೆ. ಅದು ಸಕ್ಕರೆಯಿಂದಲೂ ತೀರದು, ಸಕ್ಕರೆಯಿಲ್ಲದ ಸಿಹಿಯಿಂದಲೂ ತೀರದು.

ಹಾಗಾದರೆ ನನ್ನ ವ್ರತ? ಅದು ಮುರಿದಿತ್ತು. ಕ್ಯಾಲೊರಿ ಸೊನ್ನೆಯಾಗಿತ್ತೆಂಬುದು ನಿಜ, ಆದರೆ ನಾನು ತೆಗೆದುಕೊಂಡ ನಿಯಮವು ಕ್ಯಾಲೊರಿಯದಾಗಿರಲಿಲ್ಲ, ನೀರಿನದಾಗಿತ್ತು. ಉತ್ತಮ ಆರ್ಜವದ ದಿನವೇ ನಾನು ನನ್ನೊಡನೆ ಋಜುವಾಗಿರಲಿಲ್ಲ. ಉಳಿದ ಏಳು ದಿನ ನೀರನ್ನಷ್ಟೇ ಕುಡಿದು, ಸತ್ಕಾರದ ಪಟ್ಟಿಯಿಂದ ನನ್ನ ಹೆಸರನ್ನು ತೆಗೆಯಲು ವಿನಂತಿಸಿದೆ. ಕಾರಣ ಕೇಳಿದವರಿಗೆ ಕಾರಣವನ್ನು ಹೇಳಿದೆ. ನಾಚಿಕೆಯಾಯಿತು, ಆದರೆ ಬಹುಕಾಲದ ಬಳಿಕ ಮನಸ್ಸು ಹಗುರಾಯಿತು. ಕ್ಷಮಾವಣಿಯ ದಿನ ತಾಯಿಯವರಿಗೆ ಕೈಮುಗಿದಾಗ ಅವರಿಗೆ ಆ ಮಾತೇ ನೆನಪಿರಲಿಲ್ಲ.

ತೂಕ ಇಳಿಸುವುದು ತಪವಲ್ಲ, ಅದು ದೇಹದ ಆರೈಕೆ. ಎರಡನ್ನೂ ಕಲಸಿದ್ದೇ ನನ್ನ ಮೊದಲ ತಪ್ಪು. ಆದರೂ ತಪದಿಂದ ಕಲಿತದ್ದು ಆರೈಕೆಗೆ ಉಪಯೋಗವಾಯಿತು. ತಾಟಿನಲ್ಲಿ ಒಂದು ರೊಟ್ಟಿ ಕಡಿಮೆ, ಚಿಕ್ಕಿ ವಾರಕ್ಕೊಮ್ಮೆ, ಬೆಳಗಿನ ನಡಿಗೆ, ಉಮರ್ಗಾದ ಬಿಸಿಲಿನಲ್ಲಿ ಮನೆಯಿಂದ ಒಯ್ದ ನೀರು. ಒಂದು ವರ್ಷದಲ್ಲಿ ಆರು ಕಿಲೋ ಇಳಿದಿದ್ದೇನೆ. ಬಾಟಲಿಯ ಆಸೆ ಇಂದಿಗೂ ಒಮ್ಮೊಮ್ಮೆ ಬರುತ್ತದೆ. ಬಂದಾಗ ತಾಯಿಯ ಪ್ರಶ್ನೆಯನ್ನು ನನಗೆ ನಾನೇ ಕೇಳಿಕೊಳ್ಳುತ್ತೇನೆ: ಉಣ್ಣುತ್ತಿರುವವರು ಯಾರು, ಹೊಟ್ಟೆಯೋ, ನಾಲಿಗೆಯೋ?

ಮನೆಯಲ್ಲಿ ಕನ್ನಡವಿರಲಿ, ಮರಾಠಿಯಿರಲಿ, ಹಿಂದಿಯಿರಲಿ, ಈ ಪ್ರಶ್ನೆಯನ್ನು ಎಲ್ಲ ಭಾಷೆಯಲ್ಲಿಯೂ ಕೇಳಿಕೊಳ್ಳಬಹುದು. ಈ ಪರ್ವದಲ್ಲಿ ನಮ್ಮೆಲ್ಲರ ನಾಲಿಗೆಗೂ ಒಂದಿಷ್ಟು ಉಪವಾಸ ಲಭಿಸಲಿ ಎಂದು ಹಾರೈಸುತ್ತ ವಿರಮಿಸುತ್ತೇನೆ.

ಜಯ ಜಿನೇಂದ್ರ.