ಕದ್ದು ಕೇಳುವುದೂ ಕಿವಿಗೊಡುವುದೂ

ಕದ್ದು ಕೇಳಬಾರದು ಎಂಬ ಪಾಠ ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ತೊಟ್ಟಿಲಲ್ಲೇ ಆಗಿರುತ್ತದೆ. ಪಡಸಾಲೆಯಲ್ಲಿ ಹಿರಿಯರು ಮಾತಿಗೆ ಕೂತಾಗ ಅಡಿಗೆಮನೆಯ ಬಾಗಿಲಲ್ಲಿ ನಿಂತ ಹುಡುಗಿಗೆ “ಅಲ್ಲೇನ ಕಿವಿ ಕೊಟ್ಟ ನಿಂತಿ, ಒಳಗ ನಡಿ” ಎಂಬ ಗದರಿಕೆ ತಪ್ಪಿದ್ದಲ್ಲ. ಆದರೆ ಆ ಪಡಸಾಲೆಯಲ್ಲಿ ನಡೆದಿರುತ್ತಿದ್ದದ್ದು ಎಷ್ಟೋ ಸಲ ಅದೇ ಹುಡುಗಿಯ ಲಗ್ನದ ಮಾತು, ಇಲ್ಲವೆ ಅವಳ ಸಾಲಿ ಬಿಡಿಸುವ ಮಾತು. ತನ್ನ ಬಾಳಿನ ಸುದ್ದಿಯನ್ನೇ ಅವಳು ಬಾಗಿಲ ಸಂದಿಯಿಂದ ಕೇಳಬೇಕು. ಹೀಗಿರುವಾಗ, ನಮಗೆಂದು ಆಡದ ಮಾತನ್ನು ಕೇಳುವುದು ತಪ್ಪೇ ಎಂದರೆ ಒಂದೇ ಉಸಿರಿಗೆ ಹೌದು ಎನ್ನಲು ನನಗೆ ಬಾಯಿ ಬರುವುದಿಲ್ಲ. ಈ ಪ್ರಶ್ನೆ ನನ್ನ ಬೆನ್ನು ಹತ್ತಿದ್ದು ಒಂದು ರೇಡಿಯೋದ ದೆಸೆಯಿಂದ.

ನನ್ನ ತವರು ಬಬಲೇಶ್ವರ, ಕೊಟ್ಟ ಮನೆ ತಿಕೋಟಾ. ಮಕ್ಕಳ ಓದಿಗಾಗಿ ನಾವು ವಿಜಯಪುರದಲ್ಲಿ ಮನೆ ಮಾಡಿದಾಗ ಊರಿನ್ನೂ ಬಿಜಾಪುರವೇ ಆಗಿತ್ತು. ಹೆಸರು ಬದಲಾದದ್ದು 2014ರ ನವೆಂಬರ್‌ನಲ್ಲಿ. ತಿಕೋಟಾದಿಂದ ಪಾತ್ರೆ ಪಗಡದ ಜೊತೆಗೆ ಒಂದು ಹಳೆಯ ವಾಲ್ವ್ ರೇಡಿಯೋ ಬಂತು. ಧಾರವಾಡ ಕೇಂದ್ರ ಕೇಳಲು ಇಟ್ಟುಕೊಂಡದ್ದು. 1991ರ ಸುಮಾರಿಗೆ ಒಂದು ಸಂಜೆ ಶಾರ್ಟ್‌ವೇವ್‌ನಲ್ಲಿ 41 ಮೀಟರ್‌ನ ಅಂಚಿಗೆ ಮುಳ್ಳು ಸರಿಸುತ್ತಿದ್ದಾಗ ಹಾಡೂ ಅಲ್ಲದ, ವಾರ್ತೆಯೂ ಅಲ್ಲದ ಮಾತು ಕೇಳಿತು. ಒಬ್ಬರು ತಮ್ಮ ಮಾಳಿಗೆಯ ಮೇಲಿನ ತಂತಿ ಗಾಳಿಗೆ ಹರಿದದ್ದನ್ನು ಹೇಳುತ್ತಿದ್ದರು. ಮುಗಿಸಿ “ಓವರ್” ಎಂದರು. ಇನ್ನೊಬ್ಬರು ಸಾವಕಾಶವಾಗಿ ಶುರು ಮಾಡಿದರು.

ಅವರು ಹವ್ಯಾಸಿ ರೇಡಿಯೋದವರು, ಹ್ಯಾಮ್‌ಗಳು ಎನ್ನುತ್ತಾರೆ. ಪರೀಕ್ಷೆ ಪಾಸಾಗಿ, ಸರಕಾರದ ಪರವಾನಗಿ ಪಡೆದು, ವಿ.ಯು. ಎಂದು ಶುರುವಾಗುವ ಕರೆಹೆಸರು ಇಟ್ಟುಕೊಂಡು ಮಾತಾಡುವವರು. ಅವರಿಗೆ ಮೀಸಲಾದ ಪಟ್ಟಿ ಆಗ 7,000ದಿಂದ 7,100 ಕಿಲೋಹರ್ಟ್ಸ್‌ವರೆಗೆ ಇತ್ತು. ಪ್ರಸಾರ ಕೇಂದ್ರಗಳ 41 ಮೀಟರ್ ಪಟ್ಟಿಗೆ ಬೇಲಿ ಹಚ್ಚಿದ ಹೊಲದ ಹಾಗೆ. ಅನೇಕರು ಎ.ಎಂ. ಯಂತ್ರಗಳನ್ನು ಸ್ವತಃ ಜೋಡಿಸಿಕೊಂಡವರು. ನಮ್ಮಂಥವರ ಮನೆಯ ರೇಡಿಯೋಕ್ಕೂ ಅವರ ದನಿ ಸಿಗುತ್ತಿತ್ತು.

ಎಲ್ಲ ದಿನ ಸಿಗುತ್ತಿರಲಿಲ್ಲ. ನಮ್ಮ ಭಾಗದ ಒಕ್ಕಲಿಗರಿಗೆ ಎರಿಭೂಮಿಯ ಹದ ಹೇಗೋ ಅವರಿಗೆ ಆಕಾಶದ ಹದ ಹಾಗೆ. ಹಗಲು ಬಿಸಿಲಿಗೆ 60ರಿಂದ 90 ಕಿಲೋಮೀಟರ್ ಎತ್ತರದಲ್ಲಿ ಒಂದು ಪದರ ಎದ್ದು ಅಲೆಗಳನ್ನು ಹೀರುತ್ತದೆ. ಸೂರ್ಯ ಮುಳುಗಿದರೆ ಅದು ಕರಗುತ್ತದೆ. ಅದಕ್ಕಿಂತ ಬಹಳ ಮೇಲಿರುವ ಇನ್ನೊಂದು ಪದರ ಅಲೆಗಳನ್ನು ಬಾಗಿಸಿ ದೂರದ ನೆಲಕ್ಕೆ ಇಳಿಸುತ್ತದೆ. ಸೂರ್ಯನ ಮೇಲಿನ ಕಲೆಗಳು ಸುಮಾರು 11 ವರ್ಷಕ್ಕೊಮ್ಮೆ ಹೆಚ್ಚಾದಾಗ ಆ ಮೇಲಿನ ಪದರ ಬಲಗೊಳ್ಳುತ್ತದೆ. ಹಿತವಾದ ಸಂಜೆಗಳಲ್ಲಿ ಸಾವಿರ ಕಿಲೋಮೀಟರ್ ಆಚೆಯ ದನಿ ಪಕ್ಕದ ಖೋಲಿಯಿಂದ ಬಂದಂತೆ ಬರುತ್ತಿತ್ತು. ಅದೇ ಹೊತ್ತಿಗೆ 20 ಕಿಲೋಮೀಟರ್ ದೂರದ ತಿಕೋಟಾದಿಂದ ಯಾರಾದರೂ ಮಾತಾಡಿದ್ದರೆ ಕೇಳುವುದು ಕಷ್ಟ. ಮೇಲಕ್ಕೆ ಹೋದ ಅಲೆ ಹತ್ತಿರದವರ ತಲೆಯ ಮೇಲಿಂದ ದಾಟಿಹೋಗುತ್ತದೆ.

ನನಗೆ ಈ ಕೇಳುವಿಕೆ ರುಚಿ ಹತ್ತಿತು. ನಮ್ಮ ಅತ್ತೆಯವರಿಗೆ ಅದು ಸೇರಲಿಲ್ಲ. “ಮಂದಿ ಮಾತ ಕೇಳಕೋತ ಕೂಡತಿ, ಅವರಿಗೆ ಗೊತ್ತರ ಐತೇನ ನೀ ಕೇಳೋದು?” ಎಂದರು. ಓದು ಬರಹ ಬಾರದ ಅವರು ಕೇಳಿದ ಪ್ರಶ್ನೆ ಸಣ್ಣದಲ್ಲ.

ಇದಕ್ಕೆ ಉತ್ತರ ಹುಡುಕುವಾಗ ನಮ್ಮೂರಿನ ಗೋಳಗುಮ್ಮಟವೇ ನೆನಪಾಯಿತು. 1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲ್‌ಶಾಹನ ಗೋರಿ ಅದು. ಗುಮ್ಮಟದ ಒಳಗಿನ ಪಿಸುಮಾತಿನ ಮೊಗಸಾಲೆಯಲ್ಲಿ ಗೋಡೆಗೆ ಬಾಯಿಟ್ಟು ಒಂದು ಮಾತು ಹೇಳಿದರೆ ಸುಮಾರು 38 ಮೀಟರ್ ಆಚೆ, ಎದುರಿನ ಗೋಡೆಗೆ ಕಿವಿಯಿಟ್ಟವರಿಗೆ ಅದು ಮುಟ್ಟುತ್ತದೆ. ಗೋಡೆಯ ಗುಣ ಬಲ್ಲವರು ಬೇಕೆಂದೇ ಮಾತು ಕಳಿಸಿ ನಗುತ್ತಾರೆ. ಅರಿಯದ ಹೊಸ ದಂಪತಿಗಳು ಅಲ್ಲಿ ಗುಟ್ಟು ಆಡಿಕೊಂಡರೆ ಅದು ಅಪರಿಚಿತರ ಕಿವಿಗೆ ಬೀಳುತ್ತದೆ. ಗೋಡೆ ಒಂದೇ, ದನಿ ಒಂದೇ. ಆದರೆ ಮೊದಲನೆಯದನ್ನು ಕೇಳುವುದು ಆಟ, ಎರಡನೆಯದನ್ನು ಕೇಳುತ್ತ ನಿಲ್ಲುವುದು ಕಳವು. ಆಡುವವರಿಗೆ ತಮ್ಮ ಮಾತು ಎಲ್ಲಿಯವರೆಗೆ ಹೋಗುತ್ತದೆಂದು ಗೊತ್ತಿದೆಯೇ ಎಂಬುದರ ಮೇಲೆ ಎಲ್ಲ ನಿಂತಿದೆ. ಅತ್ತೆಯವರು ಕೇಳಿದ್ದೂ ಇದನ್ನೇ.

ಹ್ಯಾಮ್‌ಗಳಿಗೆ ಅದು ಗೊತ್ತು. ಗುಪ್ತ ಸಂಕೇತದಲ್ಲಿ ಮಾತಾಡಕೂಡದು, ತಿಳಿಭಾಷೆಯಲ್ಲೇ ಆಡಬೇಕು, ತಮ್ಮ ಕರೆಹೆಸರು ಹೇಳುತ್ತಲೇ ಇರಬೇಕು ಎಂಬುದು ಅವರ ನಿಯಮ. ಇದಕ್ಕಿಂತ ನನಗೆ ಹಿಡಿಸಿದ ಸಂಗತಿ ಎ.ಎಂ.ನ ಲೆಕ್ಕದಲ್ಲಿದೆ. ಎ.ಎಂ.ನಲ್ಲಿ ಮಾತನ್ನು ಹೊತ್ತೊಯ್ಯಲು ಒಂದು ವಾಹಕ ಅಲೆ ಇರುತ್ತದೆ. ಪೂರ್ತಿ ದನಿಯಲ್ಲಿ ಮಾತಾಡಿದಾಗಲೂ ಶಕ್ತಿಯ ಮೂರು ಪಾಲಿನಲ್ಲಿ ಎರಡು ಪಾಲು ಅದಕ್ಕೇ ಹೋಗುತ್ತದೆ. ಆ ಅಲೆ ತಾನಾಗಿ ಏನನ್ನೂ ಹೇಳುವುದಿಲ್ಲ. ಅದು ದಂಡವೆಂದು ಎಸ್.ಎಸ್.ಬಿ. ಎಂಬ ಪದ್ಧತಿಯಲ್ಲಿ ವಾಹಕ ಅಲೆಯನ್ನೂ ಮಾತಿನ ಒಂದು ಪಕ್ಕವನ್ನೂ ಕತ್ತರಿಸಿ ಹಾಕುತ್ತಾರೆ. ಕಡಿಮೆ ಶಕ್ತಿಯಲ್ಲಿ ಹೆಚ್ಚು ದೂರ ಮುಟ್ಟಬಹುದು. ಆದರೆ ಸಾದಾ ರೇಡಿಯೋದಲ್ಲಿ ಆ ಮಾತು ಬಾತುಕೋಳಿ ಕೂಗಿದಂತೆ ಕೇಳುತ್ತದೆ, ಅರ್ಥವಾಗುವುದಿಲ್ಲ. ಎ.ಎಂ.ನವರು ಮೂರರಲ್ಲಿ ಎರಡು ಪಾಲು ಖರ್ಚು ಮಾಡಿದ್ದರಿಂದಲೇ ನನ್ನಂಥವಳ ಹಳೆಯ ಪೆಟ್ಟಿಗೆಗೆ ಮಾತು ತಿಳಿಯುತ್ತಿತ್ತು. ಮನೆಯಲ್ಲಿಯೂ ಹೀಗೆಯೇ ಅಲ್ಲವೇ? ಇಬ್ಬರಿಗೆ ಮಾತ್ರ ತಿಳಿಯುವಂತೆ ಕಣ್ಣಲ್ಲಿ ಮಾತು ಮುಗಿಸುವುದು ಸುಲಭ. ಬಾಗಿಲಲ್ಲಿ ನಿಂತವಳಿಗೂ ತಿಳಿಯಲಿ ಎಂದು ಬಿಡಿಸಿ ಹೇಳಲು ಹೊತ್ತೂ ಬೇಕು, ಮನಸ್ಸೂ ಬೇಕು.

ಇನ್ನೊಂದು ನಿಯಮ ಓದಿ ನನಗೆ ನಗು ಬಂತು. ಹವ್ಯಾಸಿಗಳು ತಾಂತ್ರಿಕ ಸಂಗತಿಗಳ ಜೊತೆಗೆ, ತಂತಿ-ದೂರವಾಣಿಗೆ ಹೋಗುವಷ್ಟು ಮಹತ್ವವಿಲ್ಲದ ಸ್ವಂತ ಮಾತುಗಳನ್ನು ಮಾತ್ರ ಆಡಬಹುದು ಎಂದು 2003ರವರೆಗೂ ಅಂತರರಾಷ್ಟ್ರೀಯ ನಿಯಮದಲ್ಲಿ ಬರೆದಿತ್ತು. ಮಹತ್ವವಿಲ್ಲದ ಮಾತು ಎಂಬ ಬಿರುದು ನಮಗೆ ಹೊಸದಲ್ಲ. ನಾಲ್ಕು ಜನ ಹೆಣ್ಣುಮಕ್ಕಳು ಶ್ಯಾವಿಗೆ ಹೊಸೆಯುತ್ತ ಆಡಿದರೆ ಅದು ಹರಟೆ. ಗಂಡಸರು ಸಾವಿರಾರು ರೂಪಾಯಿಯ ಯಂತ್ರ ಕಟ್ಟಿ, ಪರೀಕ್ಷೆ ಬರೆದು, ಅದೇ ಮಳೆ ಬೆಳೆ ಮೊಮ್ಮಕ್ಕಳ ಮಾತಾಡಿದರೆ ಅದು ಹವ್ಯಾಸ! ಅವರ ಪರಿಭಾಷೆಯಲ್ಲಿ ರೇಡಿಯೋ ನಡೆಸುವ ಹೆಂಗಸು ಎಂಬತ್ತು ವರ್ಷದವಳಾದರೂ ‘ವೈ.ಎಲ್.’, ಎಂದರೆ ಯಂಗ್ ಲೇಡಿ. ಹ್ಯಾಮ್‌ನ ಹೆಂಡತಿ ಮಾತ್ರ ‘ಎಕ್ಸ್.ವೈ.ಎಲ್.’, ಮಾಜಿ ಯಂಗ್ ಲೇಡಿ. ಅದಿರಲಿ. ಮಹತ್ವವಿಲ್ಲದ್ದನ್ನು ಇಷ್ಟು ಗೌರವದಿಂದ ಆಡುವುದನ್ನು ನಾನು ಅಲ್ಲಿಯೇ ಕೇಳಿದ್ದು. ಒಂದು ಅಲೆಯ ಮೇಲೆ ಒಮ್ಮೆಗೆ ಒಬ್ಬರೇ ಆಡಬಹುದಾದ್ದರಿಂದ ಯಾರೂ ಯಾರ ಮಾತಿಗೂ ಅಡ್ಡ ಬಾಯಿ ಹಾಕುತ್ತಿರಲಿಲ್ಲ.

ಇಷ್ಟಾದರೂ ಅತ್ತೆಯವರ ಪ್ರಶ್ನೆ ಪೂರ್ತಿ ತೀರಲಿಲ್ಲ. ಒಂದು ಚಳಿಗಾಲ ಮಲೆನಾಡಿನ ಕಡೆಯ ಒಬ್ಬರು ತಮ್ಮ ಗೆಳೆಯರಿಗೆ ಹೆಂಡತಿಯ ಆಪರೇಷನ್ ವಿಷಯ ಹೇಳುತ್ತಿದ್ದರು. ಹೇಳುತ್ತ ದನಿ ನಡುಗಿತು. ಯಾರಾದರೂ ಕೇಳಬಹುದೆಂಬುದು ಅವರಿಗೆ ಗೊತ್ತು, ನಿಜ. ಆ ಗಳಿಗೆಯಲ್ಲಿ ಅದು ಅವರ ನೆನಪಿನಲ್ಲಿತ್ತೇ? ಮುಳ್ಳು ಸರಿಸಬೇಕೆಂದು ಕೈ ಹೋಯಿತು. ಸರಿಸಲಿಲ್ಲ. ಸರಿಸಿದ್ದರೆ ಅವರ ಸಂಕಟವನ್ನು ನಾನು ಗೌರವಿಸಿದ ಹಾಗಾಗುತ್ತಿತ್ತೋ, ಬೆನ್ನು ತಿರುಗಿಸಿದ ಹಾಗಾಗುತ್ತಿತ್ತೋ ಇಂದಿಗೂ ತಿಳಿಯದು. ಪರವಾನಗಿ ಇಲ್ಲದವಳು ನಾನು, ಹೇಗಿದ್ದಾರೆ ಎಂದು ಕೇಳುವಂತಿಲ್ಲ. ಎಂಟು ಹತ್ತು ದಿನ ಅದೇ ಹೊತ್ತಿಗೆ ರೇಡಿಯೋ ಹಚ್ಚಿದೆ. ಎರಡು ದಿನ ಬರೀ ಗರಗರ. ಕಡೆಗೊಂದು ಸಂಜೆ, ಆಕೆ ಮನೆಗೆ ಬಂದರೆಂಬ ಸುದ್ದಿ ಕೇಳಿತು. ಒಳಗಿನಿಂದ ಶೇಂಗಾ ಒಡೆಯುತ್ತ ಕೂತಿದ್ದ ಅತ್ತೆಯವರ ದನಿ: “ಆರಾಮ ಆದಳಂತೇನು ಆಕಿ?”

ಆ ಮಾತನ್ನು ನಾವಿಬ್ಬರೂ ಮನೆಯ ಹೊಸ್ತಿಲು ದಾಟಿಸಲಿಲ್ಲ. ಇದು ಎರಡನೆಯ ಅಳತೆ. ರೇಡಿಯೋ ಕುರಿತ ಅಂತರರಾಷ್ಟ್ರೀಯ ನಿಯಮವೂ, ಸಾರ್ವಜನಿಕರಿಗಲ್ಲದ ಸಂದೇಶ ಕಿವಿಗೆ ಬಿದ್ದರೆ ಅದನ್ನು ಹೊರಗೆ ಹಾಕಬಾರದು ಎನ್ನುತ್ತದೆ. ಹವ್ಯಾಸಿಗಳ ಮಾತು ಬಯಲಿನದು. ಆದರೂ ಕೇಳಿದವರಿಗೆ ಆ ಮರ್ಯಾದೆ ಒಪ್ಪುತ್ತದೆ. ಮಾತನ್ನು ಕೇಳುವವಳ ಮೇಲೆ ಒಂದು ಋಣ ಬೀಳುತ್ತದೆ. ಅದನ್ನು ಊರ ಬಾಯಿಗೆ ಕೊಡದೆ ಕಾಯುವುದೇ ಆ ಋಣ ತೀರಿಸುವ ದಾರಿ.

ಕೇಳುವವರಿರುವುದು ಎಷ್ಟು ದೊಡ್ಡದೆಂದು ಜಗತ್ತಿಗೆ ಗೊತ್ತಾದದ್ದು ಕಷ್ಟಕಾಲದಲ್ಲಿ. 2004ರ ಡಿಸೆಂಬರ್‌ನಲ್ಲಿ ದೆಹಲಿಯ ಭಾರತಿ ಪ್ರಸಾದ್ ಎಂಬ ಹವ್ಯಾಸಿ ತಮ್ಮ ತಂಡದೊಡನೆ ಅಂಡಮಾನಿನ ಪೋರ್ಟ್ ಬ್ಲೇರ್‌ನಿಂದ ದೂರದ ಹ್ಯಾಮ್‌ಗಳ ಜೊತೆ ಮಾತಾಡುತ್ತಿದ್ದರು. 26ರ ಬೆಳಿಗ್ಗೆ ಸುನಾಮಿ ಬಂತು. ದೂರವಾಣಿ ಸತ್ತುಹೋದಾಗ ಬದುಕಿದವರ ಸುದ್ದಿಯನ್ನು ಅವರ ಕುಟುಂಬಗಳಿಗೆ ಮುಟ್ಟಿಸುವ ಕೆಲಸಕ್ಕೆ ಆ ತಂಡ ನಿಂತಿತು. ನಿನ್ನೆಯವರೆಗೆ ಮಹತ್ವವಿಲ್ಲದ ಮಾತಾಡುತ್ತಿದ್ದ ಯಂತ್ರ ಅದೇ. ಅತ್ತ ಕಡೆ ಯಾರೋ ಕೇಳುತ್ತ ಕೂತಿರುತ್ತಾರೆಂಬ ಭರವಸೆ ಆ ಸಣ್ಣ ಮಾತುಗಳಿಂದಲೇ ಬೆಳೆದದ್ದು.

ಈಗ ನಮ್ಮೆಲ್ಲರ ಕೈಯಲ್ಲಿ ಮೊಬೈಲಿದೆ. ಸಂದೇಶಗಳಿಗೆ ಬೀಗ ಹಾಕಿ ಕಳಿಸುವ ವ್ಯವಸ್ಥೆ ಇದೆ. ಆದರೂ ಒಬ್ಬಳು ಅಳುತ್ತ ಹೇಳಿದ ಮಾತು ಒಂದು ಬೆರಳೊತ್ತಿಗೆ ಐವತ್ತು ಮನೆ ಸೇರುತ್ತದೆ. ಬೀಗ ಕದ್ದು ಕೇಳುವವರನ್ನು ತಡೆಯಬಹುದು. ನಂಬಿ ಹೇಳಿಸಿಕೊಂಡವರನ್ನು ಹೇಗೆ ತಡೆದೀತು? ನಮಗೆಂದು ಆಡದ ಮಾತನ್ನು ಕಾಯ್ದವರೂ ಇದ್ದಾರೆ, ನಮಗೆಂದೇ ಆಡಿದ ಮಾತನ್ನು ಮಾರಿದವರೂ ಇದ್ದಾರೆ.

2024ರಲ್ಲಿ ಸೂರ್ಯನ ಕಲೆಗಳು ಮತ್ತೆ ಉಚ್ಚ ಸ್ಥಿತಿಗೆ ಬಂದಿದ್ದವು. ಹವ್ಯಾಸಿಗಳಲ್ಲಿ ಬಹುಪಾಲು ಜನ ಎಸ್.ಎಸ್.ಬಿ.ಗೆ ಹೋಗಿಬಿಟ್ಟಿದ್ದಾರೆ, ಎ.ಎಂ. ಬಿಡದ ಹಳೆಯ ಕೈಗಳು ಕೆಲವೇ. ಅಂಥವರ ದನಿ ಸಿಕ್ಕ ಸಂಜೆ ನಾನು ಗ್ಯಾಸಿನ ಉರಿ ಸಣ್ಣಗೆ ಮಾಡಿ ಕೂಡುತ್ತೇನೆ. ಕೇಳಿದ್ದು ನನ್ನಲ್ಲೇ ಉಳಿಯುತ್ತದೆ.