ಯಾರ ಅಳತೆಯ ಹತ್ತಿ?

'ತಳಿ ಸುಧಾರಣೆ' ಎಂಬ ಮಾತನ್ನು ನಾವು ಅನುಮಾನವಿಲ್ಲದೆ ಬಳಸುತ್ತೇವೆ. ಸುಧಾರಣೆ ಯಾರಿಗೆ ಎಂದು ಕೇಳುವುದು ಕಡಿಮೆ. ಹತ್ತಿಯ ಜೀನ್ ನಕ್ಷೆಯ ಒಳಗೂ ಈ ಪ್ರಶ್ನೆ ಕೂತಿದೆ ಎಂಬುದು ನನ್ನ ವಾದ.

ನಕ್ಷೆ ಮಾಡುವ ಬಗೆ ಹೀಗೆ: ಉದ್ದ ಎಳೆಯ ತಳಿಯನ್ನು ಗಿಡ್ಡ ಎಳೆಯದರೊಂದಿಗೆ ಸಂಕರಿಸಿ, ಮುಂದಿನ ಪೀಳಿಗೆಯ ನೂರಾರು ಗಿಡ ಬೆಳೆಸುತ್ತಾರೆ. ಪ್ರತಿ ಗಿಡದ ಎಳೆ ಅಳೆದು, ಅದರ ಡಿಎನ್‌ಎ ಗುರುತುಗಳೊಡನೆ ಹೋಲಿಸುತ್ತಾರೆ. ಉದ್ದ ಎಳೆಯ ಗಿಡಗಳಲ್ಲಿ ಯಾವ ಗುರುತು ಹೆಚ್ಚಾಗಿ ಕಾಣುತ್ತದೋ ಅದರ ಆಸುಪಾಸಿನಲ್ಲಿ ಆ ಗುಣದ ಜೀನ್ ಇರಬೇಕೆಂಬುದು ಲೆಕ್ಕ. 2002ರಲ್ಲಿ ಭಾರತಕ್ಕೆ ಬಂದ ಬಿಟಿ ಹತ್ತಿಯಲ್ಲಿ ಕಾಯಿಕೊರಕದ ವಿರುದ್ಧ ಹೊರಗಿನಿಂದ ತಂದ ಒಂದೇ ಜೀನ್ ಸಾಕಾಗಿತ್ತು. ಇಳುವರಿ, ಎಳೆಯ ಉದ್ದ, ಬರ ತಾಳುವ ಶಕ್ತಿ ಹಾಗಲ್ಲ. ಹತ್ತಾರು ಜೀನ್‌ಗಳು ಚೂರುಚೂರು ಪಾಲು ಹಾಕುತ್ತವೆ, ಮಣ್ಣು ಮಳೆಗಳೂ ಕೈ ಸೇರಿಸುತ್ತವೆ. ನೀರಾವರಿ ತಾಕಿನಲ್ಲಿ ಬಲವಾಗಿ ಕಂಡ ಗುರುತು ಮಳೆಯಾಶ್ರಿತ ಎರೆ ಹೊಲದಲ್ಲಿ ಮಂಕಾಗಬಹುದು.

ಅಂದರೆ, ಅಳೆದದ್ದಕ್ಕೆ ಮಾತ್ರ ನಕ್ಷೆಯಲ್ಲಿ ಜಾಗ. ಏನನ್ನು ಅಳೆಯಬೇಕೆಂದು ಡಿಎನ್‌ಎ ಹೇಳುವುದಿಲ್ಲ; ಮನುಷ್ಯರು ಹೇಳುತ್ತಾರೆ.

ಧಾರವಾಡ ಸೀಮೆಗೆ 1840ರ ದಶಕದಲ್ಲಿ ಬ್ರಿಟಿಷರು ಅಮೆರಿಕನ್ ಹತ್ತಿ ತಂದದ್ದು ಲ್ಯಾಂಕಾಷೈರ್ ಗಿರಣಿಗಳಿಗೆ ಉದ್ದ ಎಳೆ ಬೇಕಿದ್ದುದರಿಂದ. ಅವರ ಲೆಕ್ಕದಲ್ಲಿ ಇಲ್ಲಿನ ಗಿಡ್ಡ ಎಳೆ ಕೀಳಾಯಿತು. ಮಣ್ಣಗುಡ್ಡದ ನಮ್ಮ ಮನೆಗಳಲ್ಲಿ ಹತ್ತಿ ಎಂದರೆ ದೀಪದ ಬತ್ತಿ, ಗಾಯಕ್ಕೆ ಒತ್ತುವ ಹತ್ತಿ. ಅಲ್ಲಿ ಎಳೆ ಎಷ್ಟುದ್ದ ಎಂದು ಯಾರೂ ಕೇಳುವುದಿಲ್ಲ; ಹೀರಿಕೊಂಡರೆ ಸಾಕು. 1972ರಲ್ಲಿ ಧಾರವಾಡದಿಂದಲೇ ಬಂದ 'ವರಲಕ್ಷ್ಮಿ' ಸಂಕರ ತಳಿ ಉದ್ದ ಎಳೆ ಕೊಟ್ಟಿತು, ಒಳ್ಳೆಯ ಬೆಲೆಯನ್ನೂ ಕೊಟ್ಟಿತು. ಆದರೆ ಜಯಧರದಂಥ ದೇಸಿ ತಳಿಯ ಬೀಜವನ್ನು ಮರುವರ್ಷಕ್ಕೆ ಎತ್ತಿಡಬಹುದಿತ್ತು. ಸಂಕರ ಬೀಜವನ್ನು ಪ್ರತಿ ವರ್ಷ ಕೊಳ್ಳಬೇಕು.

ಎಲ್ಲವನ್ನೂ ಅಳೆಯಲಾಗದು, ಉದ್ದ ಎಳೆಯಿಂದ ರೈತನಿಗೂ ಲಾಭವಿದೆಯಲ್ಲ ಎನ್ನಬಹುದು. ನಿಜ. ಆದರೆ ಅದು ಒಳ್ಳೆಯ ವರ್ಷದ ಮಾತು. ಮಳೆ ಕೈಕೊಟ್ಟಾಗ ಒಂದಿಷ್ಟಾದರೂ ಕೈಗೆ ಬರುತ್ತದೆಯೇ, ಬೀಜದ ಸಾಲ ತೀರುತ್ತದೆಯೇ ಎಂಬುದು ಒಣಬೇಸಾಯದವರ ಅಳತೆಗೋಲು. ಕೆಟ್ಟ ವರ್ಷದ ಇಳುವರಿಯೂ ಅಳೆಯಬಹುದಾದ ಗುಣವೇ. ಅದಕ್ಕೆ ಹಲವು ಊರು, ಹಲವು ಹಂಗಾಮು ಬೇಕು. ಮೂರ್ನಾಲ್ಕು ವರ್ಷದ ಪಿಎಚ್‌ಡಿಯಲ್ಲಿ ಅದು ಮುಗಿಯುವುದಿಲ್ಲವೆಂದು ನಮ್ಮಂಥ ಸಂಶೋಧನಾ ವಿದ್ಯಾರ್ಥಿಗಳಿಗೆ ಚೆನ್ನಾಗಿ ಗೊತ್ತು. ಹೀಗೆ, ಅಳೆಯಲು ಸುಲಭವಾದದ್ದೇ ನಿಧಾನಕ್ಕೆ ಮುಖ್ಯವಾದದ್ದೂ ಆಗಿಬಿಡುತ್ತದೆ. ಇದರಲ್ಲಿ ಯಾರ ದುರುದ್ದೇಶವೂ ಇಲ್ಲ. ಆದರೂ ಇದೊಂದು ಆಯ್ಕೆ, ಮತ್ತು ಆಯ್ಕೆಗೆ ಹೊಣೆ ಇರುತ್ತದೆ.

ನಕ್ಷೆ ಬರೆಯುವುದು ಬೇಡ ಎನ್ನುತ್ತಿಲ್ಲ. ಯಾವ ಗುಣದ ನಕ್ಷೆ ಎಂದು ನಿರ್ಧರಿಸುವ ದಿನ ಬಿತ್ತುವವರೂ ಆ ಕೋಣೆಯಲ್ಲಿರಲಿ. ಕೊಯ್ಲಾದ ಮೇಲೆ ಅವರ ಅಭಿಪ್ರಾಯ ಕೇಳಿದರೆ ನಕ್ಷೆಗೆ ಹೊಸ ಗೆರೆ ಬೀಳುವುದಿಲ್ಲ.