ಅರಸರ ಗದ್ದುಗೆಯ ವಿಚಾರ



ಕೊಡಗಿನ ಕೊಡ್ಲಿಪೇಟೆಯ ಕಡೆಯ ಒಂದು ಭಕ್ತರ ಮನೆಗೆ ಗಣಾರಾಧನೆಯ ನಿಮಿತ್ತ ನಾವು ಹೋಗಬೇಕಾಗಿ ಬಂದಿತ್ತು. ಆ ಮನೆಯ ಯಜಮಾನರು ಲಿಂಗೈಕ್ಯರಾಗಿ ಕೆಲವು ದಿನಗಳಾಗಿದ್ದುವು. ಪ್ರಸಾದವಾದ ಮೇಲೆ ಜಗಲಿಯಲ್ಲಿ ನಾಲ್ಕಾರು ಮಂದಿ ಕುಳಿತು ಶಿವಾನುಭವದ ಮಾತನ್ನಾಡುತ್ತಿದ್ದಾಗ ಮನೆಯ ಕಿರಿಯ ಮಗನು ಕೈಮುಗಿದು ನಿಂತು ಒಂದು ಪ್ರಶ್ನೆಯನ್ನು ಕೇಳಿದನು. ಅಂಥ ಮನೆಯಲ್ಲಿ, ಅಂಥ ಹೊತ್ತಿನಲ್ಲಿ ನಾವು ನಿರೀಕ್ಷಿಸಿದ್ದ ಪ್ರಶ್ನೆ ಅದಲ್ಲ. “ಬುದ್ಧೀ, ಈಜಿಪ್ಟ್ ದೇಶದ ಪಿರಮಿಡ್ಡುಗಳು ಅರಸರ ಗೋರಿಗಳೇ ಅಲ್ಲವೆಂದು ಕೆಲವರು ವಾದಿಸುತ್ತಾರೆ. ದೊಡ್ಡ ಪಿರಮಿಡ್ಡಿನೊಳಗೆ ಅರಸನ ದೇಹವೇ ಸಿಕ್ಕಲಿಲ್ಲವಂತೆ. ದೇಹವಿಲ್ಲದ ಗೋರಿಯನ್ನು ಗೋರಿಯೆನ್ನಬಹುದೇ?” ಎಂದನು.

ಕೂಡಿದ್ದ ಹಿರಿಯರು ನಕ್ಕರು. ನಮಗೆ ಮಾತ್ರ ನಗು ಬರಲಿಲ್ಲ. ಹಿಂದಿನ ದಿನವೇ ಮಡಿಕೇರಿಯಲ್ಲಿ ತಂಗಿ, ಅಲ್ಲಿನ ಅರಸರ ಗದ್ದುಗೆಯನ್ನು ದರ್ಶಿಸಿ ನಾವು ಆ ಊರಿಗೆ ಬಂದಿದ್ದೆವು. ಗದ್ದುಗೆಯ ಅಂಗಳದಲ್ಲಿ ಪ್ರವಾಸಿಗಳ ಗುಂಪೊಂದು “ಇದು ಮಸೀದಿಯೋ, ದೇವಸ್ಥಾನವೋ?” ಎಂದು ತಮ್ಮೊಳಗೆ ಚರ್ಚಿಸುತ್ತಿದ್ದುದು ನಮ್ಮ ಕಿವಿಗೆ ಬಿದ್ದಿತ್ತು. ದೂರದ ನೈಲ್ ನದಿಯ ದಡದ ಪ್ರಶ್ನೆಯೂ ನಮ್ಮ ಕೊಡಗಿನ ಪ್ರಶ್ನೆಯೂ ಒಂದೇ ಬಳ್ಳಿಯ ಎರಡು ಕಾಯಿಗಳಾಗಿ ನಮಗೆ ತೋರಿದುವು. ಅಂದು ಆಡಿದ ಮಾತನ್ನೇ ಸ್ವಲ್ಪ ವಿಸ್ತರಿಸಿ ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ದೂರದ್ದನ್ನು ಮುಗಿಸೋಣ. ಗೀಜಾದಲ್ಲಿರುವ ಖುಫು ಅರಸನ ಪಿರಮಿಡ್ಡು ಸುಮಾರು ೪೫೦೦ ವರ್ಷಗಳಷ್ಟು ಹಳೆಯದು. ಕಟ್ಟಿದಾಗ ಅದರ ಎತ್ತರ ಸುಮಾರು ೧೪೬ ಮೀಟರು. ಅದಕ್ಕೆ ಹತ್ತಿದ ಕಲ್ಲುಗಳು ೨೩ ಲಕ್ಷದಷ್ಟಿರಬೇಕೆಂದು ಲೆಕ್ಕ ಹಾಕಿದ್ದಾರೆ. ಒಳಗಿನ ಕೋಣೆಯಲ್ಲಿ ಕೆಂಪು ಗ್ರಾನೈಟಿನ ಒಂದು ಪೆಟ್ಟಿಗೆಯಿದೆ; ಅದಕ್ಕೆ ಮುಚ್ಚಳವೂ ಇಲ್ಲ, ಅದರಲ್ಲಿ ದೇಹವೂ ಇಲ್ಲ. ಇಷ್ಟನ್ನೇ ಹಿಡಿದುಕೊಂಡು ಅದು ಧಾನ್ಯದ ಕಣಜವೆಂದವರುಂಟು, ನಕ್ಷತ್ರಗಳನ್ನು ನೋಡುವ ಸ್ಥಾನವೆಂದವರುಂಟು, ಅನ್ಯಲೋಕದವರ ಕೃತಿಯೆಂದು ಹೇಳಿ ಹಣ ಮಾಡಿಕೊಂಡವರೂ ಉಂಟು. ಆದರೆ ಪೆಟ್ಟಿಗೆ ಬರಿದಾಗಿದ್ದರೆ ಅದಕ್ಕೆ ಕಳ್ಳರು ಸಾಕು. ಮುಂದಿನ ಕಾಲದ ಅರಸರು ಪಿರಮಿಡ್ಡುಗಳನ್ನು ಕಟ್ಟುವುದನ್ನೇ ಬಿಟ್ಟು ಬೆಟ್ಟದೊಳಗೆ ಬಿಲ ಕೊರೆಯಿಸಿ ತಮ್ಮ ದೇಹಗಳನ್ನು ಅಡಗಿಸಿಟ್ಟರು. ಕಳ್ಳರ ಭಯ ಎಂಥದೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ೧೯೨೨ರಲ್ಲಿ ಬೆಳಕಿಗೆ ಬಂದ ತುತಾಂಖಾಮುನ್ ಎಂಬ ಚಿಕ್ಕ ಪ್ರಾಯದ ಅರಸನ ಸಮಾಧಿ ಅಂಥದೊಂದು ಬಿಲವೇ.

ಇನ್ನೂ ನೋಡಿರಿ. ಖುಫುವಿನ ಪಿರಮಿಡ್ಡು ಒಂಟಿಯಾಗಿ ನಿಂತ ಕಟ್ಟಡವಲ್ಲ. ಅದರ ಮಗ್ಗುಲಲ್ಲಿ ರಾಣಿಯರ ಚಿಕ್ಕ ಪಿರಮಿಡ್ಡುಗಳಿವೆ, ಸುತ್ತಲೂ ಅಧಿಕಾರಿಗಳ ಗೋರಿಗಳ ಸಾಲುಗಳಿವೆ, ಮೃತ ಅರಸನಿಗೆ ನೈವೇದ್ಯ ಸಲ್ಲುತ್ತಿದ್ದ ದೇವಾಲಯದ ಅವಶೇಷವಿದೆ. ೧೯೫೪ರಲ್ಲಿ ಅದರ ಪಕ್ಕದ ಕುಣಿಯಲ್ಲಿ ಬಿಡಿ ಬಿಡಿಯಾಗಿ ಹೂತಿಟ್ಟ ದೇವದಾರುವಿನ ದೊಡ್ಡ ದೋಣಿಯೊಂದು ದೊರೆಯಿತು. ೨೦೧೩ರಲ್ಲಿ ಕೆಂಪು ಸಮುದ್ರದ ತೀರದಲ್ಲಿ ದೊರೆತ ಪಪೈರಸ್ ಹಾಳೆಗಳಲ್ಲಿ ಮೆರೆರ್ ಎಂಬ ಮೇಸ್ತ್ರಿ ತುರಾ ಎಂಬಲ್ಲಿಂದ ಸುಣ್ಣಕಲ್ಲನ್ನು ದೋಣಿಯಲ್ಲಿ ಗೀಜಾಕ್ಕೆ ಸಾಗಿಸಿದ ದಿನಚರಿಯೇ ಇದೆ. ಸಕ್ಕಾರಾದಲ್ಲಿರುವ ಉನಾಸ್ ಅರಸನ ಪಿರಮಿಡ್ಡಿನ ಒಳಗೋಡೆಗಳ ಮೇಲಂತೂ, ಸತ್ತ ಅರಸನು ಆಕಾಶಕ್ಕೇರಿ ದೇವತೆಗಳನ್ನು ಕೂಡಿಕೊಳ್ಳಲೆಂಬ ಮಂತ್ರಗಳನ್ನು ಕೊರೆಯಿಸಿದ್ದಾರೆ. ಹಾಗಾದರೆ ಅವು ಗೋರಿಗಳೇ ಸರಿ. ದೇಹವಿದೆಯೋ ಇಲ್ಲವೋ ಎಂಬುದು ಕಳ್ಳನ ಕಥೆ. ಯಾವ ಸಂಕಲ್ಪದಿಂದ ಕಟ್ಟಿದರು, ಅಲ್ಲಿ ಯಾವ ಕ್ರಿಯೆಗಳು ನಡೆದುವು ಎಂಬುದು ಗೋರಿಯ ಕಥೆ.

ಈ ಅಳತೆಗೋಲನ್ನು ಹಿಡಿದುಕೊಂಡು ಮಡಿಕೇರಿಗೆ ಬರೋಣ.

ಮಹದೇವಪೇಟೆಯ ಆಚೆ, ಎತ್ತರವಾದ ಸ್ಥಳದಲ್ಲಿ, ಹಸಿರು ಅಂಗಳದ ನಡುವೆ ಗುಮ್ಮಟಗಳುಳ್ಳ ಕಟ್ಟಡಗಳು ನಿಂತಿವೆ. ನಡುವಣ ದೊಡ್ಡದರಲ್ಲಿ ದೊಡ್ಡವೀರರಾಜೇಂದ್ರನೂ ಅವನ ಪ್ರಿಯಪತ್ನಿ ಮಹದೇವಮ್ಮಾಜಿಯೂ ಇದ್ದಾರೆ. ಅದರ ಪಕ್ಕದ್ದು ಅವನ ತಮ್ಮ ಲಿಂಗರಾಜೇಂದ್ರನದು. ಅದನ್ನು ೧೮೨೦ರಲ್ಲಿ ಮಗ ಚಿಕ್ಕವೀರರಾಜೇಂದ್ರನು ಕಟ್ಟಿಸಿದನು. ಇನ್ನೊಂದು ಅರಮನೆಯ ಗುರುಗಳಾದ ರುದ್ರಪ್ಪನವರದೆಂದು ಹೇಳುತ್ತಾರೆ. ಅರಸರಿಗಾಗಿ ಹೋರಾಡಿದ ಬಿದ್ದಂಡ ಬೋಪು ಮತ್ತು ಅವನ ಮಗ ಸೋಮಯ್ಯ ಎಂಬ ಕೊಡವ ವೀರರ ಸಮಾಧಿಗಳೂ ಸಮೀಪದಲ್ಲೇ ಇವೆ. ಮತ ಬೇರೆಯಾದರೂ ತಮಗಾಗಿ ದುಡಿದವರನ್ನು ಅರಸರು ದೂರವಿಡಲಿಲ್ಲ. ಈ ಒಂದು ಸಂಗತಿ ನಮಗೆ ಬಹಳ ಪ್ರಿಯವಾಯಿತು.

ಗುಮ್ಮಟವನ್ನು ಕಂಡು ಮಸೀದಿಯೆಂದವರನ್ನು ದೂಷಿಸಬೇಕಾಗಿಲ್ಲ. ಆ ಕಾಲದ ಕಟ್ಟಡದ ರೂಢಿಯೇ ಹಾಗಿತ್ತು. ಅದೇ ಊರಿನಲ್ಲಿ ಲಿಂಗರಾಜೇಂದ್ರನು ೧೮೨೦ರಲ್ಲಿ ಕಟ್ಟಿಸಿದ ಓಂಕಾರೇಶ್ವರ ದೇವಾಲಯಕ್ಕೂ ನಡುವೆ ಗುಮ್ಮಟ, ನಾಲ್ಕು ಮೂಲೆಗೆ ನಾಲ್ಕು ಗೋಪುರ. ಒಂದೇ ಊರು, ಒಂದೇ ಆಕಾರ. ಒಂದು ದೇವಾಲಯ, ಒಂದು ಸಮಾಧಿ. ಗದ್ದುಗೆಯ ಮೂಲೆಗಳಲ್ಲಿ ಕುಳಿತಿರುವ ಬಸವಣ್ಣಗಳನ್ನು ತಲೆಯೆತ್ತಿ ನೋಡಿದವನಿಗೆ ಸಂದೇಹ ಉಳಿಯುವುದಿಲ್ಲ. ನಮ್ಮ ಜನರು ತಲೆಯೆತ್ತಿ ನೋಡುವುದು ಕಡಿಮೆ.

ಆಕಾರವನ್ನು ಕಂಡು ಕಥೆ ಕಟ್ಟುವುದು ಕೊಡಗಿಗೂ ಹೊಸದಲ್ಲ. ಈ ಸೀಮೆಯ ಹಲವು ಕಡೆಗಳಲ್ಲಿ ಚಪ್ಪಡಿಕಲ್ಲುಗಳನ್ನು ನಿಲ್ಲಿಸಿ ಮೇಲೊಂದು ಕಲ್ಲನ್ನು ಹೊದಿಸಿದ ಪುರಾತನ ಕೋಣೆಗಳಿವೆ. ಜನರು ಅವನ್ನು ಪಾಂಡವರ ಮನೆಗಳೆನ್ನುತ್ತ ಬಂದರು. ಹಾಗೆಯೇ ಗಂಗಾವತಿಯ ಬಳಿಯ ಹಿರೇಬೆಣಕಲ್ಲಿನ ಗುಡ್ಡದ ಮೇಲೆ ನೂರಾರು ಇವೆ. ಅವು ಮೋರಿಯರೆಂಬ ಕುಳ್ಳ ಜನರ ಮನೆಗಳೆಂದು ಅಲ್ಲಿಯವರ ನಂಬಿಕೆ. ಕೊಡಗಿನವನ್ನು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ತೆರೆದು ನೋಡಿದಾಗ ಮಡಕೆ, ಎಲುಬಿನ ಚೂರು, ಕಬ್ಬಿಣದ ಆಯುಧ, ಮಣಿಗಳು ದೊರೆತುವು. ಮನೆಯೆಂದುಕೊಂಡದ್ದು ಸಮಾಧಿಯಾಯಿತು. ಆ ಜನರ ಹೆಸರೂ ಇಂದು ಯಾರಿಗೂ ತಿಳಿಯದು.

ಈಗ ಮುಖ್ಯ ವಿಷಯಕ್ಕೆ ಬರುತ್ತೇವೆ. ಮಡಿಕೇರಿಯ ಕಟ್ಟಡವನ್ನು ಜನರು ಗೋರಿಯೆನ್ನದೆ ಗದ್ದುಗೆಯೆನ್ನುತ್ತಾರೆ. ಗದ್ದುಗೆಯೆಂದರೆ ಆಸನ, ಕುಳಿತುಕೊಳ್ಳುವ ಪೀಠ. ಹಾಲೇರಿಯ ಅರಸರು ವೀರಶೈವರು. ನಮ್ಮಲ್ಲಿ ಲಿಂಗೈಕ್ಯನಾದವನನ್ನು ಮಲಗಿಸುವುದಿಲ್ಲ, ಸುಡುವುದೂ ಇಲ್ಲ. ಸ್ನಾನ ಮಾಡಿಸಿ, ವಿಭೂತಿ ಧರಿಸಿ, ಪದ್ಮಾಸನದಲ್ಲಿ ಕೂರಿಸಿ, ಜೀವಮಾನವೆಲ್ಲ ಪೂಜಿಸಿದ ಇಷ್ಟಲಿಂಗವನ್ನು ಎಡಗೈಯಲ್ಲಿಟ್ಟು, ಬಿಲ್ವಪತ್ರೆ ವಿಭೂತಿಗಳಿಂದ ಸಮಾಧಿಯನ್ನು ತುಂಬುತ್ತಾರೆ. ಉಪ್ಪನ್ನು ಹಾಕುವ ರೂಢಿಯೂ ಉಂಟು. ಕುಣಿಯನ್ನು ಅಳೆಯುವುದು ಗಜದಿಂದಲ್ಲ, ಐಕ್ಯನಾದವನ ಪಾದದಿಂದಲೇ. ಅರಸನಾದರೂ ಪಾದ ಒಂದೇ, ಆಳಾದರೂ ಪಾದ ಒಂದೇ.

ಇಲ್ಲಿ ಈಜಿಪ್ಟಿನವರಿಗೂ ನಮಗೂ ಇರುವ ಭೇದವನ್ನು ಗಮನಿಸಿರಿ. ಅವರು ದೇಹವನ್ನು ಔಷಧಗಳಿಂದ ಕೆಡದಂತೆ ಮಾಡಿ, ಬಟ್ಟೆ ಸುತ್ತಿ, ಕಲ್ಲಿನಲ್ಲಿ ಬಚ್ಚಿಟ್ಟರು. ದೇಹವುಳಿದರೆ ಮಾತ್ರ ಅರಸನು ಉಳಿಯುವನೆಂಬುದು ಅವರ ನಂಬಿಕೆ. ಆದ್ದರಿಂದ ಅಲ್ಲಿ ಪೆಟ್ಟಿಗೆ ಬರಿದಾದರೆ ಸರ್ವನಾಶವೇ ಆಯಿತು. ನಮ್ಮ ಸಮಾಧಿಯಲ್ಲಾದರೋ ದೇಹವು ಮಣ್ಣಿಗೆ ಸೇರಿ ಕರಗಬೇಕೆಂಬುದೇ ಸಂಕಲ್ಪ. ಅಂಗವು ಲಿಂಗದಲ್ಲಿ ಲೀನವಾಯಿತೆಂದ ಮೇಲೆ ಕಾಯುವುದಕ್ಕೆ ಉಳಿಯುವುದೇನು? ಇಂದು ಯಾರಾದರೂ ಮಡಿಕೇರಿಯ ಗದ್ದುಗೆಯನ್ನು ಅಗೆದು “ಇಲ್ಲಿ ಅರಸನ ದೇಹವಿಲ್ಲ” ಎಂದರೆ, ನಾವು “ಹೌದು, ಇರಬಾರದು” ಎಂದೇ ಉತ್ತರ ಕೊಡಬೇಕಾಗುತ್ತದೆ. ಶರಣರ ವಿಷಯದಲ್ಲಂತೂ ಕೇಳುವುದೇ ಬೇಡ. ಕಲ್ಯಾಣದಿಂದ ಹೊರಟ ಅಕ್ಕಮಹಾದೇವಿಯು ಶ್ರೀಶೈಲದ ಕದಳಿಯಲ್ಲಿ ಬಯಲಾದಳು. ಅರಸನ ಸಿರಿಯನ್ನೇ ಬಿಟ್ಟು ಬಂದವಳಿಗೆ ಗುಮ್ಮಟದ ಹಂಗೇಕೆ?

ಹಾಗಾದರೆ ಮಡಿಕೇರಿಯ ಗುಮ್ಮಟಗಳೇಕೆ ಎದ್ದುವು? ಇದು ಹಾಲೇರಿಯ ವಂಶದ ಕಥೆಯಲ್ಲೇ ತಿಳಿಯತಕ್ಕದ್ದು. ಇಕ್ಕೇರಿಯ ಮನೆತನಕ್ಕೆ ಸೇರಿದ ಒಬ್ಬನು ಜಂಗಮವೇಷದಲ್ಲಿ ಹಾಲೇರಿಗೆ ಬಂದು ನೆಲೆನಿಂತು, ಜನರ ಭಕ್ತಿಯನ್ನು ಗಳಿಸಿ ಅರಸನಾದನೆಂದು ಐತಿಹ್ಯವಿದೆ. ಜೋಳಿಗೆ ಹಿಡಿದು ಬಂದ ವಂಶವು ಇನ್ನೂರು ವರ್ಷಗಳ ಮೇಲೆ ಹಿತ್ತಾಳೆಯ ಸರಳುಗಳ ಕಿಟಕಿಯಿಟ್ಟು ಗುಮ್ಮಟ ಕಟ್ಟಿತು. ಚಲಿಸುವುದು ನಿಂತಿತು ಎನ್ನೋಣವೇ? ದೊಡ್ಡವೀರರಾಜೇಂದ್ರನ ಮೇಲೆ ಮಾತ್ರ ಆ ಮಾತನ್ನು ಸುಲಭವಾಗಿ ಎಸೆಯಲು ನಮಗೆ ಮನಸ್ಸಾಗದು. ಟಿಪ್ಪುವಿನ ಕಾಲದಲ್ಲಿ ಪಿರಿಯಾಪಟ್ಟಣದ ಸೆರೆಯಲ್ಲಿದ್ದು, ೧೭೮೮ರಲ್ಲಿ ತಪ್ಪಿಸಿಕೊಂಡು ಬಂದು, ನಾಡನ್ನು ಮರಳಿ ಕಟ್ಟಿದವನು ಅವನು. ವಿರಾಜಪೇಟೆ ಅವನ ಹೆಸರಿನದು. ತನ್ನ ವಂಶದ ಚರಿತ್ರೆಯನ್ನು ‘ರಾಜೇಂದ್ರನಾಮೆ’ ಎಂಬ ಕನ್ನಡ ಗ್ರಂಥವಾಗಿ ಬರೆಯಿಸಿದವನೂ ಅವನೇ. ೧೮೦೭ರಲ್ಲಿ ಮಹದೇವಮ್ಮಾಜಿ ತೀರಿಕೊಂಡಳು; ೧೮೦೯ರಲ್ಲಿ ಅವನೂ ಅವಳ ಬಳಿಗೆ ಹೋದನು. ಕಡೆಯ ದಿನಗಳಲ್ಲಿ ಅವನ ಬುದ್ಧಿ ಕದಡಿ ಕ್ರೂರ ಕಾರ್ಯಗಳು ನಡೆದುವೆಂಬುದೂ ಚರಿತ್ರೆಯಲ್ಲಿದೆ, ಅದನ್ನು ಮುಚ್ಚಿಡಬೇಕಾಗಿಲ್ಲ.

ಗಂಡುಮಗನಿಲ್ಲದ ಆ ಅರಸನು ತನ್ನ ಮಗಳಾದ ದೇವಮ್ಮಾಜಿಗೆ ಪಟ್ಟವಾಗಬೇಕೆಂದು ಬಯಸಿದ್ದನು. ಅವಳು ಇನ್ನೂ ಬಾಲೆ. ಪಟ್ಟವೂ ಆಯಿತು. ಆದರೆ ೧೮೧೧ರಲ್ಲಿ ಚಿಕ್ಕಪ್ಪನಾದ ಲಿಂಗರಾಜೇಂದ್ರನು ಅವಳನ್ನು ಬದಿಗೆ ಸರಿಸಿ ತಾನೇ ಅರಸನಾದನು. ಮಡಿಕೇರಿಯ ಅಂಗಳದಲ್ಲಿ ಈಗ ಅಕ್ಕಪಕ್ಕದಲ್ಲಿರುವವರು ಈ ಇಬ್ಬರೇ! ಮಗಳಿಗೆ ಕೊಟ್ಟ ಅಣ್ಣ ಒಂದು ಗುಮ್ಮಟದ ಕೆಳಗೆ, ಕಿತ್ತುಕೊಂಡ ತಮ್ಮ ಇನ್ನೊಂದರ ಕೆಳಗೆ. ಎರಡರ ಕುಸುರಿಯೂ ಚೆಲುವಾಗಿದೆ. ಆ ಕಲ್ಲುಗಳಲ್ಲಿ ಎಲ್ಲಿಯೂ ಹುಡುಗಿಯ ಮಾತಿಲ್ಲ. ತಂದೆಗೆ ಅಷ್ಟು ಅಂದವಾದ ಗದ್ದುಗೆಯನ್ನು ಕಟ್ಟಿಸಿದ ಚಿಕ್ಕವೀರರಾಜೇಂದ್ರನ ಕಾಲದಲ್ಲಿ ಅವನ ಒಡಹುಟ್ಟಿದ ತಂಗಿ, ಅವಳ ಹೆಸರೂ ದೇವಮ್ಮಾಜಿಯೇ, ೧೮೩೨ರಲ್ಲಿ ಗಂಡ ಚನ್ನಬಸಪ್ಪನೊಡನೆ ಪ್ರಾಣಭಯದಿಂದ ಮೈಸೂರಿನ ಸೀಮೆಗೆ ಓಡಿಹೋಗಿ ಇಂಗ್ಲಿಷರ ಮರೆಹೊಕ್ಕಳು. ೧೮೩೪ರಲ್ಲಿ ಇಂಗ್ಲಿಷರು ಕೊಡಗನ್ನು ತಮ್ಮ ವಶಕ್ಕೆ ತೆಗೆದುಕೊಂಡರು. ಅರಸನ ದೋಷಗಳನ್ನು ಪಟ್ಟಿಮಾಡಿದವರು ಗೆದ್ದವರೇ ಆದುದರಿಂದ ಅದರಲ್ಲಿ ಎಷ್ಟನ್ನು ನಂಬಬೇಕೆಂಬುದು ಬೇರೆ ವಿಚಾರ. ತಂಗಿ ಓಡಿಹೋದುದು ಮಾತ್ರ ನಿಜ. ಅರಸನನ್ನು ಕಾಶಿಗೆ ಕಳುಹಿಸಿದರು. ೧೮೫೨ರಲ್ಲಿ ಅವನು ಸಮುದ್ರ ದಾಟಿ, ೧೮೫೯ರಲ್ಲಿ ಲಂಡನ್ ನಗರದಲ್ಲಿ ತೀರಿಕೊಂಡನು. ತಾನು ಅಪ್ಪನಿಗೆ ಕಟ್ಟಿಸಿದ ಗುಮ್ಮಟದ ಪಕ್ಕದಲ್ಲಿ ಅವನಿಗೆ ಮೂರು ಪಾದದ ಸ್ಥಳವೂ ದೊರೆಯಲಿಲ್ಲ.

ಇಷ್ಟನ್ನು ಹೇಳಿ ನಾವು ಸುಮ್ಮನಾದೆವು. ಹುಡುಗನು ಕುಳಿತುಕೊಳ್ಳಲಿಲ್ಲ. ಅವನ ಮನಸ್ಸಿನಲ್ಲಿದ್ದುದು ಈಜಿಪ್ಟಲ್ಲವೆಂದು ಆಗ ನಮಗೆ ತಿಳಿಯಿತು. ಅಣ್ಣನು ಕಾಫಿ ತೋಟದ ಎತ್ತರದಲ್ಲಿ ತಂದೆಯ ಸಮಾಧಿಯ ಮೇಲೆ ಅಮೃತಶಿಲೆಯ ಮಂಟಪ, ಅದಕ್ಕೊಂದು ಗುಮ್ಮಟ, ದಾರಿಗೆ ಕಾಣುವಂತೆ ದೀಪಗಳು ಎಂದು ನಕ್ಷೆ ಬರೆಯಿಸಿದ್ದನು. ಅದಕ್ಕೆ ಬೇಕಾದ ಹಣ ಆ ವರ್ಷದ ಕಾಫಿಯ ಫಸಲನ್ನೆಲ್ಲ ಮಾರಿದರೂ ಸಾಲದು. ಮದುವೆಯಾಗಿ ಹೋದ ಅಕ್ಕನೊಬ್ಬಳಿದ್ದಳು. ತಂದೆಯು ಬದುಕಿದ್ದಾಗ ಅವಳ ಪಾಲೆಂದು ಬಾಯಿಮಾತಿನಲ್ಲಿ ತೋರಿಸಿದ್ದ ಗದ್ದೆ ಇನ್ನೂ ಅವಳ ಹೆಸರಿಗೆ ಬಂದಿರಲಿಲ್ಲ. ಮಂಟಪಕ್ಕೆಂದು ಆ ಗದ್ದೆಯನ್ನೇ ಮಾರುವ ಮಾತು ಮನೆಯಲ್ಲಿ ನಡೆಯುತ್ತಿತ್ತು. ಆಕೆ ಅಂದು ಒಳಗೆ ಪ್ರಸಾದ ಬಡಿಸುತ್ತಿದ್ದವರಲ್ಲಿ ಒಬ್ಬಳು.

ಹಿರಿಯ ಮಗನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡೆವು. ಅವನು ಕೆಟ್ಟವನಲ್ಲ, ತಂದೆಯ ಮೇಲಿನ ಪ್ರೀತಿ ಅವನಲ್ಲಿ ತುಂಬಿತ್ತು, ಊರವರು ಏನೆನ್ನುವರೋ ಎಂಬ ಅಂಜಿಕೆಯೂ ಅಷ್ಟೇ ಇತ್ತು. “ಅಪ್ಪನಿಗೆ ಏನೂ ಮಾಡಲಿಲ್ಲವೆಂದು ಆಡಿಕೊಳ್ಳುವರಲ್ಲ” ಎಂದನು. “ಅಪ್ಪನು ಪದ್ಮಾಸನದಲ್ಲಿ ಕುಳಿತು, ಲಿಂಗವನ್ನು ಹಿಡಿದು ಹೋಗಿದ್ದಾರೆ. ಗದ್ದುಗೆ ಆಗಿಹೋಯಿತು. ಇನ್ನು ಮೇಲೆ ಕಟ್ಟುವುದೆಲ್ಲ ನಮ್ಮದು, ಅವರದಲ್ಲ” ಎಂದೆವು. ಮಡಿಕೇರಿಯ ಎರಡು ಗುಮ್ಮಟಗಳ ಮಾತನ್ನು ಮತ್ತೆ ಎತ್ತಬೇಕಾಗಲಿಲ್ಲ. ಅವನೇ ಸ್ವಲ್ಪ ಹೊತ್ತು ನೆಲವನ್ನು ನೋಡುತ್ತಿದ್ದು, ಸಮಾಧಿಯ ಮೇಲೆ ಮೊಳದೆತ್ತರದ ಒಂದು ಕಟ್ಟೆ, ಅದರ ಮೇಲೊಂದು ಲಿಂಗ, ಬಳಿಯಲ್ಲೊಂದು ಬಿಲ್ವದ ಸಸಿ ಸಾಕೇ ಎಂದು ಕೇಳಿದನು. ಆಮೇಲೆ ಒಳಗೆ ಎದ್ದುಹೋಗಿ ಅಕ್ಕನನ್ನು ಕರೆದನು. ಮರುದಿನ ಬೆಳಗ್ಗೆ ನಾವು ಹೊರಡುವಾಗ ಮೂವರೂ ಜಗಲಿಯಲ್ಲಿ ಗದ್ದೆಯ ಹಳೆಯ ಕಾಗದಗಳನ್ನು ಹರಡಿಕೊಂಡು ಕುಳಿತಿದ್ದರು. ಸೋಮವಾರಪೇಟೆಯ ಬಸ್ಸು ಎಷ್ಟು ಹೊತ್ತಿಗೆಂದು ಕಿರಿಯನು ಯಾರನ್ನೋ ವಿಚಾರಿಸುತ್ತಿದ್ದನು.